ಚಿಕನ್–ತರಕಾರಿ ಸ್ಟಿರ್ ಫ್ರೈ: ಮನೆಯ ಗ್ಯಾಸ್ ಒಲೆಯ ಮೇಲೆ, ನೀರು ಬಿಡದಂತೆ

"ಅಕ್ಕಾ, ನೀವು ಹೇಳಿದ್ದೆಲ್ಲಾ ಹಾಕೇನ್ರಿ. ಆದ್ರೂ ನೀರು ಬಿಟ್ಟೈತ್ರಿ."

ರವಿವಾರ ಮಧ್ಯಾಹ್ನ ನನಗೆ ಬರುವ ಫೋನುಗಳಲ್ಲಿ ಈ ಮಾತು ಇದ್ದೇ ಇರುತ್ತದೆ. ಒಬ್ಬರಿಗೆ ಚಿಕನ್ ರಬ್ಬರಿನಂತೆ ಆಗಿರುತ್ತದೆ. ಇನ್ನೊಬ್ಬರಿಗೆ ಎಲೆಕೋಸು ಮೆತ್ತಗಾಗಿ ಪಲ್ಯದಂತೆ ಕೂತಿರುತ್ತದೆ. ಮತ್ತೊಬ್ಬರಿಗೆ ಸಾಸ್ ಅಂಟು ಅಂಟಾಗಿ ಗಂಜಿಯಂತೆ. ಕೇಳಲು ಬೇರೆ ಬೇರೆ ತೊಂದರೆ ಅನ್ನಿಸುತ್ತವೆ. ವಿಚಾರಿಸುತ್ತಾ ಹೋದರೆ ಹೆಚ್ಚಿನವರ ತೊಂದರೆಯ ಬುಡದಲ್ಲಿ ಒಂದೇ ಕಾರಣ ಸಿಗುತ್ತದೆ: ಬಾಣಲೆಯಲ್ಲಿ ನೀರು ನಿಂತಿದೆ. ಸ್ಟಿರ್ ಫ್ರೈ ಎಂದರೆ ಜೋರು ಉರಿಯಲ್ಲಿ ಆಡಿಸುತ್ತಾ ಬೇಗ ಹುರಿಯುವುದು.

ನೀರು ಎಷ್ಟೇ ಕುದಿದರೂ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಚಿಕನ್ ಮೇಲೆ ಕಂದು ಬಣ್ಣ, ಆ ಹುರಿದ ವಾಸನೆ ಬರಬೇಕಾದರೆ ಬಾಣಲೆಯ ಮೈ ಅದಕ್ಕಿಂತ ಬಹಳ ಜಾಸ್ತಿ ಕಾದಿರಬೇಕು. ತಳದಲ್ಲಿ ನೀರಿದ್ದರೆ ಗ್ಯಾಸಿನ ಬಿಸಿಯೆಲ್ಲಾ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅಷ್ಟರಲ್ಲಿ ಚಿಕನ್ ಬೇಯುತ್ತದೆ, ತರಕಾರಿ ಬಾಡುತ್ತದೆ. ಹುರಿಯುವ ಕೆಲಸ ನಡೆಯುವುದೇ ಇಲ್ಲ.

ಹೋಟೆಲಿನವರ ಒಲೆ ನಮ್ಮ ಒಲೆಗಿಂತ ಎಷ್ಟೋ ಪಟ್ಟು ಜೋರು. ಅವರು ಒಮ್ಮೆಗೇ ಒಂದು ಕಿಲೋ ಸುರಿದರೂ ನೀರು ಕ್ಷಣದಲ್ಲಿ ಆವಿಯಾಗಿ ಹೋಗುತ್ತದೆ. ನಮ್ಮ ಒಲೆಗೆ ಆ ಶಕ್ತಿ ಇಲ್ಲ. ಆದ್ದರಿಂದ ಅವರು ಮಾಡಿದ ಹಾಗೆಯೇ ಮಾಡಿದರೆ ನಮಗೆ ಆಗುವುದಿಲ್ಲ. ನಾವು ಒಣಗಿಸಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು, ಹಾಕುವ ಕ್ರಮ ತಪ್ಪಿಸಬಾರದು. ಕೆಳಗಿನ ಎಲ್ಲಾ ಹಂತಗಳೂ ಇದಕ್ಕಾಗಿಯೇ ಇವೆ. ತಯಾರಿಗೆ ಸುಮಾರು ಒಂದು ತಾಸು ಬೇಕು. ಒಲೆಯ ಮೇಲಿನ ಕೆಲಸಕ್ಕೆ ಹೆಚ್ಚೆಂದರೆ 15 ನಿಮಿಷ.

## ಮೊದಲು ಬೇಕಾದ ಸಾಮಾನು

ಬಾಣಲೆ. ಅಗಲವಾದ, ದಪ್ಪ ತಳದ ಕಬ್ಬಿಣದ ಬಾಣಲೆ ಎಲ್ಲಕ್ಕಿಂತ ಒಳ್ಳೆಯದು. 28ರಿಂದ 30 ಸೆಂಟಿಮೀಟರ್ ಅಗಲ ಇರಲಿ. ತಳ ಚಪ್ಪಟೆ ಇದ್ದರೆ ಇನ್ನೂ ಚೆನ್ನ. ಮನೆಯ ಒಲೆಯ ಉರಿ ನಡುವೆ ಮಾತ್ರ ತಾಗುತ್ತದೆ. ಗುಂಡು ತಳದ ಬಾಣಲೆಯಲ್ಲಿ ಎಲ್ಲವೂ ಜಾರಿ ಆ ನಡುವಿಗೇ ಬಂದು ಗುಂಪಾಗುತ್ತದೆ.

ಮಿರ್ಚಿ ಕರಿಯುವ ನಿಮ್ಮ ಹಳೆಯ ಕಬ್ಬಿಣದ ಬಾಣಲೆ ಇದ್ದರೆ ಅದೇ ಸಾಕು, ಹೊಸದು ಬೇಡ. ಗುಂಡು ತಳ ಅಂತ ಬಿಡಬೇಡಿ, ಒಮ್ಮೆಗೆ ಹಾಕುವ ಪ್ರಮಾಣ ಕಡಿಮೆ ಮಾಡಿಕೊಳ್ಳಿ.

ತೆಳು ಜರ್ಮನಿ (ಅಲ್ಯೂಮಿನಿಯಂ) ಪಾತ್ರೆ ಬೇಡ. ಚಿಕನ್ ಬಿದ್ದ ಕೂಡಲೇ ಅದು ತಣ್ಣಗಾಗುತ್ತದೆ. ನಾನ್‌ಸ್ಟಿಕ್ ಪ್ಯಾನ್ ಕೂಡ ಈ ಕೆಲಸಕ್ಕೆ ಹೊಂದುವುದಿಲ್ಲ. ಖಾಲಿ ನಾನ್‌ಸ್ಟಿಕ್ ಪ್ಯಾನನ್ನು ಜೋರು ಉರಿಯಲ್ಲಿ ಕಾಯಿಸಬಾರದು. 260 ಡಿಗ್ರಿ ದಾಟಿದರೆ ಅದರ ಲೇಪ ಕೆಡಲು ಶುರುವಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ಬೇರೆ ಇಲ್ಲವೇ ಇಲ್ಲ ಅಂದರೆ ಎಣ್ಣೆ ಹಾಕಿಯೇ ನಡು ಉರಿಯಲ್ಲಿ ಕಾಯಿಸಿ. ಕಂದು ಬಣ್ಣ ಸ್ವಲ್ಪ ಕಡಿಮೆ ಬರುತ್ತದೆ ಅಂತ ಒಪ್ಪಿಕೊಳ್ಳಿ.

ಉಳಿದದ್ದು. ಹರಿತವಾದ ಚಾಕು, ಚಪ್ಪಟೆ ಬಾಯಿಯ ಸೌಟು, ನಾಲ್ಕೈದು ಬಟ್ಟಲು, ತೂತಿನ ಬುಟ್ಟಿ, ಎರಡು ಒಣ ಕಾಟನ್ ಅರಿವೆ, ಎರಡು ಅಗಲ ಗಂಗಾಳ (ತಟ್ಟೆ). ಹಸಿ ಚಿಕನ್‌ಗೆ ಒಂದು ಗಂಗಾಳ, ಹುರಿದದ್ದಕ್ಕೆ ಇನ್ನೊಂದು. ಇವೆರಡೂ ಅದಲು ಬದಲಾಗಬಾರದು.

ಒಲೆಯನ್ನೂ ಒಮ್ಮೆ ನೋಡಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ ಬರ್ನರಿನ ತೂತುಗಳಲ್ಲಿ ಕಸ ಕೂತಿರಬಹುದು. ತೊಳೆದು ಪೂರ್ತಿ ಒಣಗಿಸಿ ಹಾಕಿ. ಸಿಲಿಂಡರ್ ಮುಗಿಯುತ್ತಾ ಬಂದು ಉರಿ ಸಣ್ಣಗಾದ ದಿನ ಈ ಅಡುಗೆಗೆ ಕೈ ಹಾಕಬೇಡಿ.

## ಸಂತೆಯಲ್ಲಿ ಕೇಳಿ ತರಬೇಕಾದದ್ದು

ಅಳತೆ ಮೂರು ಜನರಿಗೆ. ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ.

ಚಿಕನ್ 300 ಗ್ರಾಂ. ಬಾಯ್ಲರ್ ಕೋಳಿಯದು, ಎಲುಬು ಇಲ್ಲದ್ದು. ಜವಾರಿ ಕೋಳಿ ತರಬೇಡಿ. ಅದರ ರುಚಿ ದೊಡ್ಡದು, ಆದರೆ ಅದಕ್ಕೆ ನಿಧಾನವಾಗಿ ಕುದಿಯುವ ಸಾರೇ ಬೇಕು. ಮೂರು ನಿಮಿಷ ಹುರಿದ ಜವಾರಿ ಕೋಳಿಯನ್ನು ಅಗಿಯಲು ಆಗುವುದಿಲ್ಲ.

ತೊಡೆಯ ಮಾಂಸ ಸಿಕ್ಕರೆ ಅದನ್ನೇ ತನ್ನಿ. ಅದರಲ್ಲಿ ಸ್ವಲ್ಪ ಕೊಬ್ಬು ಇರುತ್ತದೆ, ಅರ್ಧ ನಿಮಿಷ ಜಾಸ್ತಿ ಆದರೂ ಒಣಗುವುದಿಲ್ಲ. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎದೆಯ ಮಾಂಸ ಬೇಗ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ "ಕಟ್ ಮಾಡಬ್ಯಾಡ್ರಿ, ಇಡೀ ಪೀಸ್ ಕೊಡ್ರಿ" ಅಂತ ಮೊದಲೇ ಹೇಳಿ. ಹೇಳದಿದ್ದರೆ ಸಾರಿನ ತುಂಡು ಮಾಡಿಕೊಡುತ್ತಾರೆ. ಆ ದಪ್ಪ ತುಂಡು ಒಳಗೆ ಬೇಯುವ ಹೊತ್ತಿಗೆ ಹೊರಗೆ ಒಣಗಿರುತ್ತದೆ.

ತರಕಾರಿ ಒಟ್ಟು 350 ಗ್ರಾಂ. ಒಂದು ಉಳ್ಳಾಗಡ್ಡಿ (ಈರುಳ್ಳಿ), ಒಂದು ಗಜ್ಜರಿ (ಕ್ಯಾರೆಟ್), ಒಂದು ದೊಣ್ಣೆ ಮೆಣಸಿನಕಾಯಿ, ಎಂಟು ಹತ್ತು ಬೀನ್ಸ್, ಒಂದು ಹಿಡಿ ಎಲೆಕೋಸು. ಮೇಲಿನಿಂದ ಉದುರಿಸಲು ಉಳ್ಳಾಗಡ್ಡಿ ತಪ್ಪಲು ಅರ್ಧ ಸಿವುಡು. ಜೊತೆಗೆ ಬಳ್ಳೊಳ್ಳಿ ಆರು ಎಸಳು, ಹಸಿ ಶುಂಠಿ ಒಂದು ಇಂಚು, ಹಸಿಮೆಣಸಿನಕಾಯಿ ಎರಡು. ಹುಬ್ಬಳ್ಳಿಯ ಜನತಾ ಬಜಾರ್ ಇರಲಿ, ಧಾರವಾಡದ ಸೂಪರ್ ಮಾರ್ಕೆಟ್ ಇರಲಿ, ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ನೀರು ಚಿಮುಕಿಸಿ ಇಟ್ಟ ತರಕಾರಿ ತಂದರೆ ಮನೆಯಲ್ಲಿ ಹೆಚ್ಚು ಹೊತ್ತು ಆರಲು ಬಿಡಿ.

ಟೊಮೆಟೊ ಬೇಡ, ಕುಂಬಳ ಜಾತಿಯದ್ದು ಬೇಡ. ಎರಡೂ ನೀರು ಬಿಡುತ್ತವೆ. ಅಣಬೆ ಹಾಕುವ ಆಸೆ ಇದ್ದರೆ ಅದನ್ನು ಬೇರೆಯಾಗಿ, ನೀರೆಲ್ಲಾ ಇಂಗುವವರೆಗೆ ಹುರಿದು ಇಟ್ಟುಕೊಳ್ಳಿ.

ಕಾರ್ನ್ ಫ್ಲೋರ್. ಇಲ್ಲಿ ಒಂದು ಎಚ್ಚರಿಕೆ. ಹಾವೇರಿ ಕಡೆ ಗೋವಿನ ಜೋಳ (ಮೆಕ್ಕೆಜೋಳ) ಮನೆ ಮನೆಯಲ್ಲಿ ಇರುತ್ತದೆ. ಗಿರಣಿಯಲ್ಲಿ ಬೀಸಿಸಿದ ಆ ಹಳದಿ ಹಿಟ್ಟೇ ಕಾರ್ನ್ ಫ್ಲೋರ್ ಅಂದುಕೊಂಡು ಹಾಕಿದವರು ಬಹಳ ಜನ. ಅದು ಇಡೀ ಕಾಳಿನ ಹಿಟ್ಟು. ಸಾಸ್ ತರಿ ತರಿಯಾಗುತ್ತದೆ, ಹೊಳಪು ಬರುವುದಿಲ್ಲ. ನಮಗೆ ಬೇಕಾದದ್ದು ಬರೀ ಪಿಷ್ಟ. ಅಚ್ಚ ಬಿಳಿ, ಬೆರಳಲ್ಲಿ ಒತ್ತಿದರೆ ಕಿರ್ರೆಂದು ಸದ್ದು ಮಾಡುವ ಪುಡಿ. ಕಿರಾಣಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ.

ಸೋಯಾ ಸಾಸ್. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಡಾರ್ಕ್ ಎಂದು ಬರೆದ ಬಾಟಲಿ. ಒಂದೊಂದು ಬಾಟಲಿಯ ಉಪ್ಪು ಒಂದೊಂದು ಥರ. ಅರ್ಧ ಹನಿ ನಾಲಿಗೆಗೆ ಹಚ್ಚಿ ನೋಡಿ. ಬಹಳ ಉಪ್ಪಾದರೆ ಅಳತೆಯಲ್ಲಿ ಕಾಲು ಭಾಗ ಕಡಿಮೆ ಮಾಡಿ. ಬೇರೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡುವವರೆಗೆ ಮುಟ್ಟಬೇಡಿ.

ಎಣ್ಣೆ. ರಿಫೈಂಡ್ ಶೇಂಗಾ ಎಣ್ಣೆ ಅಥವಾ ರಿಫೈಂಡ್ ಸೂರ್ಯಕಾಂತಿ ಎಣ್ಣೆ. ಗಾಣದ ಶೇಂಗಾ ಎಣ್ಣೆ, ಗಾಣದ ಕುಸುಬಿ ಎಣ್ಣೆ ನಮ್ಮ ಭಾಗದ ಹೆಮ್ಮೆ ಹೌದು. ಪಲ್ಯಕ್ಕೆ, ಚಟ್ನಿಪುಡಿಗೆ ಅವುಗಳಿಗೆ ಸಾಟಿ ಇಲ್ಲ. ಆದರೆ ರಿಫೈಂಡ್ ಎಣ್ಣೆಗಿಂತ ಬಹಳ ಬೇಗ ಹೊಗೆ ಬಿಡುತ್ತವೆ. ಬಾಣಲೆ ಸರಿಯಾಗಿ ಕಾಯುವ ಮೊದಲೇ ಅಡುಗೆಮನೆ ತುಂಬಾ ಹೊಗೆ, ಬಾಯಲ್ಲಿ ಕಹಿ.

ಕೆಂಪು ಬಣ್ಣ ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ವರ್ಷದ ಜೂನ್‌ನಲ್ಲಿ ಚಿಕನ್ ಕಬಾಬ್‌ಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಮನೆಯಲ್ಲಿ ಮಕ್ಕಳಿಗೆ ಮಾಡುವ ಅಡುಗೆಗೆ ಆ ಪುಡಿ ಯಾಕೆ? ಬ್ಯಾಡಗಿ ನಮ್ಮ ಪಕ್ಕದಲ್ಲೇ ಇದೆ. ನಾಲ್ಕು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿ ನೀರಲ್ಲಿ 20 ನಿಮಿಷ ನೆನೆಸಿ, ಒಂದು ಚೂರು ಬೆಲ್ಲ ಮತ್ತು ಒಂದು ಸಣ್ಣ ಚಮಚ ವಿನೆಗರ್ ಹಾಕಿ ನುಣ್ಣಗೆ ರುಬ್ಬಿ. ಬಾಟಲಿಯ ಚಿಲ್ಲಿ ಸಾಸ್ ಬದಲು ಇದನ್ನೇ ಹಾಕಬಹುದು. ಡಬ್ಬಿ ಜಾತಿ ಸಿಕ್ಕರೆ ಖಾರ ಇನ್ನೂ ಕಡಿಮೆ, ಬಣ್ಣ ಗಾಢ. ಖಾರ ಬೇಕಾದವರು ಹಸಿಮೆಣಸಿನಕಾಯಿ ಜಾಸ್ತಿ ಮಾಡಿಕೊಳ್ಳಿ.

## ಹಂತ 1: ಚಿಕನ್ ಕತ್ತರಿಸುವುದು

ಚಿಕನ್ ತುಂಡನ್ನು ಫ್ರೀಜರಿನಲ್ಲಿ 20 ನಿಮಿಷ ಇಡಿ. ಗಟ್ಟಿ ಬರ್ಫ ಆಗಬಾರದು, ಮೇಲ್ಮೈ ಬಿಗಿಯಾದರೆ ಸಾಕು. ಆಗ ಚಾಕು ಜಾರುವುದಿಲ್ಲ, ತೆಳುವಾಗಿ ಬರುತ್ತದೆ.

ಮಾಂಸದ ಎಳೆಗಳು ಯಾವ ಕಡೆ ಹೋಗುತ್ತಿವೆ ನೋಡಿ. ಅವಕ್ಕೆ ಅಡ್ಡವಾಗಿ ಕತ್ತರಿಸಿ. ಕಬ್ಬನ್ನು ಉದ್ದಕ್ಕೆ ಸೀಳಿದರೆ ನಾರು ಉದ್ದವಾಗಿ ಹಲ್ಲಿಗೆ ಸಿಕ್ಕುತ್ತದೆ, ಅಡ್ಡಕ್ಕೆ ಕತ್ತರಿಸಿದ ಬಿಲ್ಲೆ ಸುಲಭವಾಗಿ ಅಗಿಯಲು ಬರುತ್ತದೆ ಅಲ್ವಾ? ಇದೂ ಹಾಗೆಯೇ. ಅರ್ಧ ಸೆಂಟಿಮೀಟರ್ ದಪ್ಪ, ಎರಡು ಬೆರಳು ಅಗಲದ ಚೂರು. ಎಲ್ಲವೂ ಒಂದೇ ದಪ್ಪ ಇರಲಿ. ಒಂದು ತೆಳು, ಒಂದು ದಪ್ಪ ಆದರೆ ಒಂದು ಒಣಗುತ್ತದೆ, ಒಂದು ಹಸಿ ಉಳಿಯುತ್ತದೆ.

ತೊಳೆಯುವ ವಿಷಯ. ಹಸಿ ಚಿಕನ್ ತೊಳೆಯುವ ಅಗತ್ಯ ಇಲ್ಲ. ಅದರ ಮೇಲಿನ ಕ್ರಿಮಿಗಳು ಸರಿಯಾಗಿ ಬೇಯಿಸಿದರೆ ಸಾಯುತ್ತವೆ, ನಲ್ಲಿ ಕೆಳಗೆ ತೊಳೆದರೆ ಹನಿ ಸಿಡಿದು ಸುತ್ತಲಿನ ಪಾತ್ರೆಗೆ ಹತ್ತುತ್ತವೆ. ನಮ್ಮ ಮನೆಗಳಲ್ಲಿ ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಅಂತ ನನಗೂ ಗೊತ್ತು. ತೊಳೆಯುವುದೇ ಆದರೆ ಕತ್ತರಿಸುವ ಮೊದಲು, ಬೋಗುಣಿಯ ನೀರಲ್ಲಿ, ಸಿಡಿಯದಂತೆ ತೊಳೆಯಿರಿ. ಸಿಂಕನ್ನು ಸೋಪು ಹಾಕಿ ಉಜ್ಜಿ. ಆಮೇಲೆ ಚಿಕನ್ ಒರೆಸಲೇಬೇಕು.

## ಹಂತ 2: ಚಿಕನ್ ಒರೆಸುವುದು, ಕಲಸುವುದು

ಜನ ಹಾರಿಸಿ ಮುಂದೆ ಹೋಗುವುದು ಇದೇ ಹಂತವನ್ನು. ದಯವಿಟ್ಟು ಇಲ್ಲಿ ಐದು ನಿಮಿಷ ಕೊಡಿ.

ಕತ್ತರಿಸಿದ ಚೂರುಗಳನ್ನು ಒಣ ಅರಿವೆಯ ಮೇಲೆ ಹರಡಿ, ಮೇಲೊಂದು ಅರಿವೆ ಹೊದಿಸಿ ಅಂಗೈಯಿಂದ ಒತ್ತಿ. ಅರಿವೆ ತೇವವಾಗುವುದು ನಿಮಗೇ ಕಾಣುತ್ತದೆ. ಅಷ್ಟು ನೀರು ಬಾಣಲೆಗೆ ಹೋಗುವುದು ತಪ್ಪಿತು. ಆ ಅರಿವೆಗಳನ್ನು ಬೇರೆ ಯಾವುದಕ್ಕೂ ಬಳಸದೆ ಕೂಡಲೇ ಬಿಸಿ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಟಿಶ್ಯೂ ಪೇಪರ್ ಇದ್ದರೆ ಇನ್ನೂ ಸುಲಭ.

ಈಗ ಬಟ್ಟಲಿಗೆ ಹಾಕಿ, ಈ ಸಾಲಿನಲ್ಲೇ ಕಲಸಿ. ಮೊದಲು ಸೋಯಾ ಸಾಸ್ ಎರಡು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಕಾಲು ಸಣ್ಣ ಚಮಚ. ಎದೆಯ ಮಾಂಸವಾದರೆ ಅಡುಗೆ ಸೋಡಾ ಕಾಲು ಸಣ್ಣ ಚಮಚ, ಮಿರ್ಚಿ ಹಿಟ್ಟಿಗೆ ಹಾಕುತ್ತೇವಲ್ಲ, ಅದೇ. ಒಂದು ನಿಮಿಷ ಕೈಯಿಂದ ಚೆನ್ನಾಗಿ ತಿಕ್ಕಿ ಕಲಸಿ. ಆಮೇಲೆ ಅರ್ಧ ಮೊಟ್ಟೆಯ ಬಿಳಿ ಭಾಗ. ಅದು ಮಾಂಸಕ್ಕೆ ಹತ್ತಿಕೊಂಡ ಮೇಲೆ ಕಾರ್ನ್ ಫ್ಲೋರ್ ಮೂರು ಸಣ್ಣ ಚಮಚ. ಕೊನೆಗೆ ಎಣ್ಣೆ ಎರಡು ಸಣ್ಣ ಚಮಚ. 20 ನಿಮಿಷ ಬಿಡಿ. ಅದಕ್ಕಿಂತ ಹೆಚ್ಚು ಹೊತ್ತು ಇಡುವುದಾದರೆ ಫ್ರಿಜ್ಜಿನಲ್ಲಿ.

ಸೋಡಾ ಮಾಂಸವನ್ನು ಬಿಗಿಯಾಗದಂತೆ ನೋಡಿಕೊಳ್ಳುತ್ತದೆ. ಹೆಚ್ಚಾದರೆ ಸೋಪಿನಂಥ ರುಚಿ ಬರುತ್ತದೆ, ಕೈ ಬಿಗಿ ಹಿಡಿಯಿರಿ. ತೊಡೆಯ ಮಾಂಸಕ್ಕೆ ಸೋಡಾ ಬೇಕಿಲ್ಲ. ಕಾರ್ನ್ ಫ್ಲೋರ್ ಮತ್ತು ಮೊಟ್ಟೆ ಸೇರಿ ಚೂರಿನ ಸುತ್ತ ತೆಳುವಾದ ಹೊದಿಕೆ ಆಗುತ್ತದೆ, ಒಳಗಿನ ರಸ ಹೊರಗೆ ಹರಿಯುವುದು ಕಡಿಮೆಯಾಗುತ್ತದೆ. ಕೊನೆಯ ಎಣ್ಣೆ ಚೂರುಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ.

ಕಲಸಿದ್ದು ಹೇಗಿರಬೇಕು? ಬಟ್ಟಲನ್ನು ಓರೆ ಮಾಡಿದರೆ ತಳದಲ್ಲಿ ಏನೂ ಹರಿಯಬಾರದು. ನೀರು ನೀರಾಗಿ ಹರಿದರೆ ಇನ್ನರ್ಧ ಚಮಚ ಕಾರ್ನ್ ಫ್ಲೋರ್ ಹಾಕಿ. ಬಜ್ಜಿ ಹಿಟ್ಟಿನಂತೆ ದಪ್ಪ ಆದರೆ ಜಾಸ್ತಿಯಾಯಿತು ಅಂತ ಅರ್ಥ, ಒಂದು ಚಮಚ ಎಣ್ಣೆ ಹಾಕಿ ಬಿಡಿಸಿ.

## ಹಂತ 3: ತರಕಾರಿ ತೊಳೆದು, ಆರಿಸಿ, ಗುಂಪು ಮಾಡುವುದು

ತರಕಾರಿಯನ್ನು ಕತ್ತರಿಸುವ ಮೊದಲೇ ತೊಳೆಯಿರಿ. ಕತ್ತರಿಸಿದ ಮೇಲೆ ತೊಳೆದರೆ ಕತ್ತರಿಸಿದ ಮೈಗೆಲ್ಲಾ ನೀರು ಹತ್ತಿಕೊಳ್ಳುತ್ತದೆ. ತೂತಿನ ಬುಟ್ಟಿಯಲ್ಲಿ ಹತ್ತು ನಿಮಿಷ ಸೋರಲು ಬಿಟ್ಟು, ಅರಿವೆಯಿಂದ ಒರೆಸಿ. ಎಲೆಕೋಸನ್ನು ಒಂದೊಂದು ಎಲೆ ಬಿಡಿಸಿ ಒರೆಸಬೇಕು. ಮಡಿಕೆಗಳ ನಡುವೆ ನಿಂತ ನೀರೇ ಕೊನೆಗೆ ಕೈ ಕೊಡುತ್ತದೆ.

ಚಿಕನ್ ಕತ್ತರಿಸಿದ ಮಣೆಯನ್ನು, ಚಾಕುವನ್ನು ಸೋಪಿನಿಂದ ತೊಳೆಯದೆ ತರಕಾರಿಗೆ ಬಳಸಬೇಡಿ. ಚಿಕನ್ ಫ್ರೀಜರಿನಲ್ಲಿ ಇರುವಾಗಲೇ ತರಕಾರಿ ಹೆಚ್ಚಿ ಮುಗಿಸಿದರೆ ಈ ಗೊಡವೆಯೇ ಇರುವುದಿಲ್ಲ.

ಕತ್ತರಿಸಿದ್ದನ್ನು ಮೂರು ಬಟ್ಟಲಿಗೆ ಹಾಕಿ.

ಮೊದಲ ಬಟ್ಟಲು: ಗಜ್ಜರಿ, ಬೀನ್ಸ್. ಗಜ್ಜರಿ ಓರೆಯಾಗಿ, ಎರಡು ರೂಪಾಯಿ ನಾಣ್ಯದಷ್ಟು ತೆಳು. ಬೀನ್ಸ್ ಕೂಡ ಓರೆಯಾಗಿ, ಸಣ್ಣಗೆ. ಇವು ಗಟ್ಟಿ, ಮೊದಲು ಹೋಗುತ್ತವೆ.

ಎರಡನೆಯ ಬಟ್ಟಲು: ಉಳ್ಳಾಗಡ್ಡಿ, ದೊಣ್ಣೆ ಮೆಣಸಿನಕಾಯಿ, ಎಲೆಕೋಸು. ಉಳ್ಳಾಗಡ್ಡಿಯನ್ನು ನಾಲ್ಕು ಹೋಳು ಮಾಡಿ ಪದರ ಬಿಡಿಸಿ. ಉಳಿದೆರಡೂ ಒಂದಿಂಚಿನ ಚೌಕ. ಪಲ್ಯಕ್ಕೆ ಹೆಚ್ಚಿದಂತೆ ಸಣ್ಣಗೆ ಹೆಚ್ಚಿದರೆ ಒಂದೇ ನಿಮಿಷದಲ್ಲಿ ನೀರು ಬಿಟ್ಟುಬಿಡುತ್ತವೆ.

ಮೂರನೆಯ ಬಟ್ಟಲು: ಬಳ್ಳೊಳ್ಳಿ, ಶುಂಠಿ, ಹಸಿಮೆಣಸಿನಕಾಯಿ. ಸಣ್ಣಗೆ ಕೊಚ್ಚಿರಬೇಕು. ಮಿಕ್ಸಿಯಲ್ಲಿ ಅರೆದ ಪೇಸ್ಟ್ ಬೇಡ, ಅದರಲ್ಲೂ ನೀರಿದೆ, ತಳಕ್ಕೆ ಹಿಡಿದು ಕರಿದಾಗುತ್ತದೆ.

ಈ ಹಂತದಲ್ಲಿ ಉಪ್ಪು ಉದುರಿಸಬೇಡಿ. ಉಪ್ಪು ಬಿದ್ದ ತರಕಾರಿ ಕೂತಲ್ಲೇ ನೀರು ಬಿಡುತ್ತದೆ. ಕೋಸಂಬರಿಗೆ ಉಪ್ಪನ್ನು ಕಡೆಗೆ ಹಾಕುತ್ತೇವಲ್ಲ, ಅದೇ ಕಾರಣ.

## ಹಂತ 4: ಸಾಸ್ ಮೊದಲೇ ಕಲಸಿಡುವುದು

ಒಂದು ಬಟ್ಟಲಲ್ಲಿ ಸೋಯಾ ಸಾಸ್ ಒಂದೂವರೆ ದೊಡ್ಡ ಚಮಚ, ಬ್ಯಾಡಗಿ ಪೇಸ್ಟ್ ಅಥವಾ ಚಿಲ್ಲಿ ಸಾಸ್ ಒಂದು ದೊಡ್ಡ ಚಮಚ, ವಿನೆಗರ್ ಒಂದು ಸಣ್ಣ ಚಮಚ, ಸಕ್ಕರೆ ಒಂದು ಸಣ್ಣ ಚಮಚ, ಕಾಳುಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಕಾರ್ನ್ ಫ್ಲೋರ್ ಒಂದೂವರೆ ಸಣ್ಣ ಚಮಚ, ತಣ್ಣನೆಯ ನೀರು 80 ಮಿಲಿ. ಗಂಟಿಲ್ಲದಂತೆ ಕಲಸಿ. ಬಿಸಿ ನೀರು ಹಾಕಿದರೆ ಕಾರ್ನ್ ಫ್ಲೋರ್ ಅಲ್ಲೇ ಗಂಟು ಕಟ್ಟುತ್ತದೆ.

ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ನಿಮ್ಮಿಷ್ಟ. ನಾನು ಹಾಕುವುದಿಲ್ಲ. ಸೋಯಾ ಸಾಸಿನಲ್ಲಿ ಆ ರುಚಿ ಮೊದಲೇ ಇದೆ.

## ಹಂತ 5: ಒಲೆ ಹಚ್ಚುವ ಮೊದಲಿನ ನೋಟ

ಒಲೆಯ ಬಲಕ್ಕೆ ಸಾಲಾಗಿ ಇಡಿ: ಎಣ್ಣೆ, ಚಿಕನ್, ಮೊದಲ ಬಟ್ಟಲು, ಎರಡನೆಯದು, ಮೂರನೆಯದು, ಸಾಸ್, ತಪ್ಪಲು. ಎಡಕ್ಕೆ ಖಾಲಿ ಗಂಗಾಳ. ಅನ್ನ ಆಗಿರಬೇಕು, ಊಟಕ್ಕೆ ಕೂರುವವರು ಮನೆಯಲ್ಲಿರಬೇಕು. ಕಿಟಕಿ ತೆರೆಯಿರಿ. ಇನ್ನು ಮುಂದೆ ಬಾಟಲಿ ಹುಡುಕಲು, ಬಳ್ಳೊಳ್ಳಿ ಸುಲಿಯಲು, ಫೋನ್ ಎತ್ತಲು ಸಮಯ ಇಲ್ಲ. ಉರಿ ಸಣ್ಣ ಮಾಡಿ "ತಡಿ, ಸಾಸ್ ಕಲಸ್ತೀನಿ" ಅಂದ ಒಂದು ನಿಮಿಷದಲ್ಲೇ ಬಾಣಲೆ ತಣ್ಣಗಾಗಿ ನೀರು ಬಂದಿರುತ್ತದೆ.

## ಹಂತ 6: ಚಿಕನ್ ಹುರಿಯುವುದು, ಎರಡು ಸಲ

ಖಾಲಿ ಕಬ್ಬಿಣದ ಬಾಣಲೆಯನ್ನು ಜೋರು ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ. ದೋಸೆ ಹಂಚಿಗೆ ನೋಡುವಂತೆ ಒಂದು ಹನಿ ನೀರು ಹಾಕಿ ನೋಡಿ. ಚುಂಯ್ ಅಂತ ಸದ್ದಾಗಿ ಅಲ್ಲೇ ಇಂಗಿದರೆ ಇನ್ನೂ ಕಾಯಬೇಕು. ಹನಿ ಮುತ್ತಿನಂತೆ ಗುಂಡಾಗಿ ಓಡಾಡಿದರೆ ಕಾದಿದೆ. ಆ ಹನಿ ಪೂರ್ತಿ ಹೋದ ಮೇಲೆಯೇ ಎಣ್ಣೆ. ನೀರಿದ್ದಾಗ ಎಣ್ಣೆ ಬಿದ್ದರೆ ಸಿಡಿಯುತ್ತದೆ.

ಒಂದು ದೊಡ್ಡ ಚಮಚ ಎಣ್ಣೆ ಹಾಕಿ ಬಾಣಲೆ ತಿರುಗಿಸಿ. ಎಣ್ಣೆಯ ಮೇಲೆ ಅಲೆ ಅಲೆಯಾಗಿ ಹೊಳಪು ಬಂದು, ಹೊಗೆಯ ಸಣ್ಣ ಎಳೆ ಏಳುವ ಹೊತ್ತಿಗೆ ಚಿಕನ್‌ನ ಅರ್ಧ ಭಾಗ, ಎಂದರೆ 150 ಗ್ರಾಂ ಮಾತ್ರ, ಹಾಕಿ. ಒಂದರ ಮೇಲೊಂದು ಬೀಳದಂತೆ ಹರಡಿ.

ಈಗ ಕೈ ಕಟ್ಟಿ ನಿಲ್ಲಿ. ಒಂದು ನಿಮಿಷ ಮುಟ್ಟಬೇಡಿ. ಇದು ಕಷ್ಟ ಅಂತ ಗೊತ್ತು. ಒಗ್ಗರಣೆ ಹಾಕಿದ ಕೂಡಲೇ ಸೌಟು ಆಡಿಸುವ ಅಭ್ಯಾಸ ನಮ್ಮ ಕೈಗೆ ಚಿಕ್ಕಂದಿನಿಂದ ಬಂದಿದೆ. ಆದರೆ ತಕ್ಷಣ ಕೆದಕಿದರೆ ಹೊದಿಕೆ ಕಿತ್ತು ತಳಕ್ಕೆ ಅಂಟುತ್ತದೆ, ಬಣ್ಣವೂ ಬರುವುದಿಲ್ಲ. ಅಂಚು ಬಿಳಿಯಾಗಿ, ಸೌಟು ತಾಗಿಸಿದರೆ ಚೂರು ತಾನಾಗಿ ಬಿಟ್ಟುಬಂದಾಗ ಮಗುಚಿ. ಇನ್ನೊಂದು ನಿಮಿಷ ಆಡಿಸುತ್ತಾ ಹುರಿಯಿರಿ. ಗಂಗಾಳಕ್ಕೆ ತೆಗೆಯಿರಿ. ಈಗ ಚಿಕನ್ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು ಬೆಂದಿರುತ್ತದೆ. ಉಳಿದದ್ದು ಸಾಸಿನಲ್ಲಿ ಬೇಯುತ್ತದೆ.

ಬಾಣಲೆಯನ್ನು ಮತ್ತೆ ಅರ್ಧ ನಿಮಿಷ ಕಾಯಿಸಿ, ಎರಡು ಸಣ್ಣ ಚಮಚ ಎಣ್ಣೆ ಹಾಕಿ, ಉಳಿದರ್ಧ ಚಿಕನ್ ಇದೇ ರೀತಿ ಹುರಿಯಿರಿ. "ಎರಡು ಸಲ ಯಾಕ್ರಿ, ಒಮ್ಮೆಗೇ ಹಾಕಿದ್ರ ನಡೀತೈತಲ್ಲ" ಅಂತ ಕೇಳುವವರು ಬಹಳ. ನಡೆಯುವುದಿಲ್ಲ. ಒಮ್ಮೆಗೇ 300 ಗ್ರಾಂ ಹಾಕಿ ಅರ್ಧ ನಿಮಿಷ ಕಿವಿ ಕೊಟ್ಟು ಕೇಳಿ. ಚರ್ ಚರ್ ಅನ್ನುತ್ತಿದ್ದ ಸದ್ದು ಮೆಲ್ಲಗೆ ಕೊತಕೊತ ಅನ್ನುತ್ತದೆ. ಆ ಕೊತಕೊತ ಶುರುವಾಯಿತು ಎಂದರೆ ಹುರಿಯುವುದು ನಿಂತು ಕುದಿಯುವುದು ಶುರುವಾಯಿತು.

## ಹಂತ 7: ತರಕಾರಿ

ಬಾಣಲೆ ತೊಳೆಯಬೇಡಿ. ತಳದಲ್ಲಿ ಕರಿದಾದ ಚೂರು ಇದ್ದರೆ ಕೆರೆದು ತೆಗೆಯಿರಿ. ಎರಡು ಸಣ್ಣ ಚಮಚ ಎಣ್ಣೆ, ಜೋರು ಉರಿ.

ಮೊದಲ ಬಟ್ಟಲಿನ ಗಜ್ಜರಿ, ಬೀನ್ಸ್ ಹಾಕಿ ಎರಡು ನಿಮಿಷ ಆಡಿಸಿ. ಆಮೇಲೆ ಎರಡನೆಯ ಬಟ್ಟಲನ್ನು ಎರಡು ಕಂತಾಗಿ ಹಾಕಿ, ಒಟ್ಟು ಒಂದೂವರೆ ನಿಮಿಷ. ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ಆವಿ ತಿರುಗಿ ನೀರಾಗಿ ಬೀಳುತ್ತದೆ. ದೊಣ್ಣೆ ಮೆಣಸಿನಕಾಯಿಯ ಹಸಿರು ಇನ್ನಷ್ಟು ಗಾಢವಾಗಿ, ಉಳ್ಳಾಗಡ್ಡಿಯ ಅಂಚು ಅಲ್ಲಲ್ಲಿ ಕಂದಾದಾಗ ಸಾಕು. ಕಚ್ಚಿದರೆ ಕರಕರ ಅನ್ನಬೇಕು. ತೆಗೆದು ಚಿಕನ್ ಪಕ್ಕದಲ್ಲಿ ಇಡಿ.

ಬೆಂದಿಲ್ಲ ಅನ್ನಿಸುತ್ತದೆ, ಗೊತ್ತು. ಗಂಗಾಳದಲ್ಲಿ ಕೂತಾಗಲೂ ತನ್ನ ಬಿಸಿಗೆ ತಾನು ಬೇಯುತ್ತಿರುತ್ತದೆ. ಸಾಸಿನ ಜೊತೆ ಇನ್ನೊಂದು ನಿಮಿಷ ಇದೆ.

## ಹಂತ 8: ಬಳ್ಳೊಳ್ಳಿ, ಸಾಸ್, ಎಲ್ಲವನ್ನೂ ಕೂಡಿಸುವುದು

ಉರಿ ನಡುವಿಗೆ ಇಳಿಸಿ. ಒಂದು ಸಣ್ಣ ಚಮಚ ಎಣ್ಣೆ, ಮೂರನೆಯ ಬಟ್ಟಲಿನ ಬಳ್ಳೊಳ್ಳಿ, ಶುಂಠಿ, ಹಸಿಮೆಣಸಿನಕಾಯಿ. ಹದಿನೈದು ಎಣಿಸುವಷ್ಟು ಹೊತ್ತು ಮಾತ್ರ. ವಾಸನೆ ಎದ್ದ ಕೂಡಲೇ ಮುಂದಿನ ಕೆಲಸ. ಬಳ್ಳೊಳ್ಳಿಯನ್ನು ಎಲ್ಲಕ್ಕಿಂತ ಮೊದಲು ಹಾಕುವವರು ಇದ್ದಾರೆ. ಅಷ್ಟು ಕಾದ ಬಾಣಲೆಯಲ್ಲಿ ಅದು ಚಿಕನ್ ಬರುವ ಮೊದಲೇ ಸುಟ್ಟು ಕಹಿಯಾಗುತ್ತದೆ. ಮನೆಯಲ್ಲಿ ಕಂತು ಕಂತಾಗಿ ಹುರಿಯುವಾಗ ಕೊನೆಯಲ್ಲಿ ಹಾಕುವುದೇ ಸರಿ.

ಸಾಸಿನ ಬಟ್ಟಲನ್ನು ಚಮಚದಿಂದ ಮತ್ತೆ ತಳದವರೆಗೆ ಕಲಕಿ. ಕಾರ್ನ್ ಫ್ಲೋರ್ ಅಡಿಗೆ ಕೂತಿರುತ್ತದೆ. ಕಲಕದೆ ಸುರಿದರೆ ಮೊದಲು ನೀರು, ಕೊನೆಗೆ ಒಂದು ಅಂಟಿನ ಮುದ್ದೆ. ಕಲಕಿ, ಬಾಣಲೆಯ ಅಂಚಿನಿಂದ ಸುತ್ತಲೂ ಸುರಿಯಿರಿ. ಉರಿ ಜೋರು ಮಾಡಿ. ಅರ್ಧ ನಿಮಿಷದಲ್ಲಿ ಗುಳ್ಳೆ ಎದ್ದು, ಮಬ್ಬಾಗಿದ್ದ ಸಾಸ್ ಹೊಳೆಯಲು ಶುರುವಾಗುತ್ತದೆ. ಹೊಳಪು ಬರುವ ಮೊದಲು ಇಳಿಸಿದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ.

ಈಗ ಚಿಕನ್, ತರಕಾರಿ ಎರಡನ್ನೂ, ಗಂಗಾಳದಲ್ಲಿ ಇಳಿದ ರಸದ ಸಮೇತ ಹಾಕಿ. ರಸದಲ್ಲಿ ಅರೆಬೆಂದ ಚಿಕನ್ನಿನದೂ ಇರುತ್ತದೆ, ಅದು ಚೆನ್ನಾಗಿ ಕುದಿಯಲೇಬೇಕು. ಒಂದು ನಿಮಿಷ ಮಗುಚಿ. ಅತಿ ದಪ್ಪ ಚೂರು ಒಂದನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣ ಇರಬಾರದು, ರಸ ತಿಳಿಯಾಗಿರಬೇಕು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸೆಲ್ಸಿಯಸ್. ಉಪ್ಪು ನೋಡಿ. ಒಲೆ ಆರಿಸಿ, ತಪ್ಪಲು ಉದುರಿಸಿ, ಕೂಡಲೇ ಬಡಿಸಿ.

ಬಿಳಿ ಅನ್ನಕ್ಕೆ ಇದು ಹೇಳಿ ಮಾಡಿಸಿದ್ದು. ಚಪಾತಿಗೂ ಹೊಂದುತ್ತದೆ. ನಮ್ಮ ಮನೆಯಲ್ಲಿ ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇವೆ, ಚೆನ್ನಾಗಿರುತ್ತದೆ. ಖಡಕ್ ರೊಟ್ಟಿಗೆ ಮಾತ್ರ ಹೊಂದಲಿಲ್ಲ.

## ನಡುವೆ ಕಾಣುವ ಎಚ್ಚರಿಕೆಯ ಗುರುತುಗಳು

ಸದ್ದು ಇಳಿಯಿತು, ತಳದಲ್ಲಿ ನೀರು ಕಂಡಿತು. ಹುರಿಯುತ್ತಾ ಇರಬೇಡಿ. ಎಲ್ಲವನ್ನೂ ಗಂಗಾಳಕ್ಕೆ ತೆಗೆಯಿರಿ. ಬಾಣಲೆಯಲ್ಲಿ ಉಳಿದ ನೀರನ್ನು ಇಂಗಿಸಿ, ಮತ್ತೆ ಕಾಯಿಸಿ, ಅರ್ಧರ್ಧ ಮಾಡಿ ಹಾಕಿ. ಬೇಗ ಗುರುತಿಸಿದರೆ ಅಡುಗೆ ಉಳಿಯುತ್ತದೆ.

ಎಣ್ಣೆಯಿಂದ ದಟ್ಟ ಹೊಗೆ. ಒಲೆ ಆರಿಸಿ. ಹೊಗೆ ನಿಲ್ಲುವವರೆಗೆ ಏನೂ ಹಾಕಬೇಡಿ. ಎಣ್ಣೆ ಕರಿದಾಗಿದ್ದರೆ ಆರಿದ ಮೇಲೆ ಒರೆಸಿ ಹೊಸದು ಹಾಕಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಗ್ಯಾಸ್ ಬಂದ್ ಮಾಡಿ, ತಟ್ಟೆ ಅಥವಾ ಮುಚ್ಚಳದಿಂದ ಮುಚ್ಚಿ. ಮುಚ್ಚಳವನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ಚಿಕನ್ ತಳಕ್ಕೆ ಬಿಗಿಯಾಗಿ ಅಂಟಿದೆ. ಬಾಣಲೆ ಕಾದಿರಲಿಲ್ಲ, ಅಥವಾ ಬೇಗ ಕೆದಕಿದ್ದೀರಿ. ಎಳೆಯಬೇಡಿ. ಇನ್ನು ಇಪ್ಪತ್ತು ಸೆಕೆಂಡ್ ಬಿಡಿ, ಬಹಳ ಸಲ ತಾನೇ ಬಿಡುತ್ತದೆ.

ಸಾಸ್ ಗಂಜಿಯಾಯಿತು. ಎರಡು ಚಮಚ ಬಿಸಿ ನೀರು ಅಂಚಿನಿಂದ ಹಾಕಿ ಕಲಸಿ. ತೆಳುವಾಗಿ ಉಳಿದರೆ ಅರ್ಧ ಸಣ್ಣ ಚಮಚ ಕಾರ್ನ್ ಫ್ಲೋರನ್ನು ತಣ್ಣೀರಲ್ಲಿ ಕಲಸಿ ಹಾಕಿ. ಒಣ ಪುಡಿಯನ್ನು ನೇರವಾಗಿ ಉದುರಿಸಬೇಡಿ.

ಉಪ್ಪು ಜಾಸ್ತಿ. ಇನ್ನೊಂದು ಹಿಡಿ ಎಲೆಕೋಸು ಬೇರೆಯಾಗಿ ಹುರಿದು ಸೇರಿಸಿ. ನೀರು ಸುರಿದರೆ ಉಪ್ಪಿನ ಜೊತೆ ಉಳಿದ ರುಚಿಯೂ ಹೋಗುತ್ತದೆ.

## ರೂಮಿನಲ್ಲಿ ಒಂದೇ ಒಲೆ ಇರುವವರಿಗೆ

ಧಾರವಾಡದ ಸಪ್ತಾಪುರದ ಕಡೆ ಪರೀಕ್ಷೆಗೆ ಓದುತ್ತಾ ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಇದನ್ನು ಕೇಳುತ್ತಿರುತ್ತಾರೆ. ಇಂಡಕ್ಷನ್ ಒಲೆಯಲ್ಲಿ ಆಗುತ್ತದೆ. ತಳ ಚಪ್ಪಟೆ ಇರುವ ಕಬ್ಬಿಣದ ಪ್ಯಾನ್ ಬೇಕು, ಗುಂಡು ತಳ ನಡೆಯುವುದಿಲ್ಲ. ಅನ್ನ ಮೊದಲೇ ಮಾಡಿ ಮುಚ್ಚಿಡಿ. ಮೇಲಿನ ಅಳತೆಯ ಅರ್ಧ ತೆಗೆದುಕೊಳ್ಳಿ, ಆಗ ಚಿಕನ್ ಒಂದೇ ಸಲ ಹುರಿದರೆ ಸಾಕು. ತರಕಾರಿ ಎರಡೇ ಬಗೆ ಇರಲಿ: ಗಜ್ಜರಿ ಮತ್ತು ದೊಣ್ಣೆ ಮೆಣಸಿನಕಾಯಿ. ಫ್ರಿಜ್ ಇಲ್ಲದಿದ್ದರೆ ಅಂದು ಬೇಕಾದಷ್ಟೇ ಚಿಕನ್ ತನ್ನಿ, ತಂದ ಕೂಡಲೇ ಮಾಡಿ.

## ಉಳಿದರೆ

ಉಳಿದದ್ದನ್ನು ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಒಂದು ತಾಸೇ ಲೆಕ್ಕ. ಮರುದಿನ ತರಕಾರಿ ಮೆತ್ತಗಾಗಿರುತ್ತದೆ, ಅದನ್ನು ಮತ್ತೆ ಗರಿಗರಿ ಮಾಡಲು ಆಗುವುದಿಲ್ಲ. ಚಿಕನ್ ಚೂರುಗಳನ್ನು ಸಣ್ಣಗೆ ಹೆಚ್ಚಿ, ತಣ್ಣನೆಯ ಅನ್ನದ ಜೊತೆ ಕಾದ ಬಾಣಲೆಯಲ್ಲಿ ಹಬೆ ಏಳುವಷ್ಟು ಬಿಸಿಯಾಗುವವರೆಗೆ ಹುರಿದುಬಿಡಿ. ಆ ಅನ್ನವನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಟ್ಟಿರಬೇಕು, ಹೊರಗೆ ಉಳಿದ ಅನ್ನ ಬೇಡ.